ಖಂಡಪ್ಪ ಕಾಕಾ ಮುಚ್ಚಿದ ಬಿರುಕು

ಖಂಡಪ್ಪ ಕಾಕಾ ಯಾರ ಮನೆಗೆ ಹೋದರೂ ಮೊದಲು ಗೋಡೆಯನ್ನು ಮಾತಾಡಿಸುತ್ತಾರೆ, ಆಮೇಲೆ ಮನುಷ್ಯರನ್ನು. ಚಪ್ಪಲಿ ಬಿಟ್ಟು ಒಳಗೆ ಬಂದವರೇ ಅಂಗೈಯನ್ನು ಗೋಡೆಗೆ ಒತ್ತಿ, ಮೇಲಿನಿಂದ ಕೆಳಗೆ ಒಮ್ಮೆ ಸವರಿ, "ಇದನ್ನ ಯಾರ ಮಾಡ್ಯಾರ?" ಅಂತ ಕೇಳುತ್ತಾರೆ. ನಮ್ಮ ಅಕ್ಕನಿಗೆ ವರ ನೋಡಲು ದಹಿಸರ್‌ಗೆ ಹೋದಾಗ ಚಾಳಿನ ಹಿರಿಯರೆಂದು ಅವರನ್ನೂ ಕರೆದುಕೊಂಡು ಹೋಗಿದ್ದೆವು. ಹುಡುಗನ ಅಪ್ಪ ಮಗನ ನೌಕರಿಯ ಗುಣಗಾನ ಮಾಡುತ್ತಿದ್ದರೆ ಕಾಕಾ ಮೂಲೆಯಲ್ಲಿ ನಿಂತು ಬೆರಳಿನ ಗೆಣ್ಣಿನಿಂದ ಗೋಡೆ ಬಡಿದು ಕಿವಿ ಕೊಟ್ಟಿದ್ದರು. ಹೊರಗೆ ಬಂದ ಮೇಲೆ ನಮ್ಮಪ್ಪ, "ಹುಡುಗ ಹ್ಯಾಂಗ ಅನಿಸಿದ?" ಎಂದು ಕೇಳಿದರೆ, "ಹುಡುಗಂದು ಗೊತ್ತಿಲ್ಲಪಾ, ಗಿಲಾವು ಪೊಳ್ಳೈತಿ" ಅಂದರು. ಗಿಲಾವು ಎಂದರೆ ನಮ್ಮ ಕಡೆಯವರ ಬಾಯಲ್ಲಿ ಗೋಡೆಯ ಪ್ಲಾಸ್ಟರು. ಅಕ್ಕ ಆ ಹುಡುಗನನ್ನೇ ಮದುವೆಯಾದಳು. ಚೆನ್ನಾಗಿದ್ದಾಳೆ. ಗೋಡೆ ಮಾತ್ರ ಮುಂದಿನ ಮಳೆಗಾಲಕ್ಕೆ ಉದುರಿತು.

ಕಾಕಾ ಇಂಡಿ ತಾಲೂಕಿನವರು. ಮೀಸೆ ಮೂಡುವ ಮೊದಲೇ ಅಣ್ಣನ ಹಿಂದೆ ಮುಂಬಯಿಗೆ ಬಂದು, ಬೆಳಗಾದರೆ ಕೂಲಿಗಳು ಗುಂಪುಗೂಡುವ ನಾಕಾದಲ್ಲಿ ನಿಂತು, ಗೌಂಡಿಗಳು 'ಮಾಲು' ಎನ್ನುವ ಕಲಸಿದ ಸಿಮೆಂಟು ಹೊತ್ತು, ಕೊನೆಗೆ ಒಬ್ಬ ಮುದಿ ಗೌಂಡಿಯ ಕೈಕೆಳಗೆ ಕರಣಿ ಹಿಡಿಯಲು ಕಲಿತವರು. ಆ ಮುದಿ ಗೌಂಡಿ ಹೊಡೆದು ಕಲಿಸುತ್ತಿದ್ದನಂತೆ. "ಗೋಡಿಗೆ ಪೆಟ್ಟು ಹತ್ತಬಾರದು, ಕಲಿಯಾಂವಗ ಹತ್ತಬೇಕು" ಎನ್ನುವುದು ಅವನ ಶಾಸ್ತ್ರ. ಈಗ ಕಾಕಾಗೆ ಅರವತ್ತು ದಾಟಿದೆ. ಗೋಡೆಗೆ ಕಟ್ಟಿದ ಬಿದಿರಿನ ಪರಾತಿ ಏರಲು ಮೊಣಕಾಲು ಒಪ್ಪುವುದಿಲ್ಲ. ಆಂಟಾಪ್ ಹಿಲ್‌ನ ಚಾಳುಗಳಲ್ಲಿ ಸೋರುವ ಬಚ್ಚಲು, ಅಡಿಗೆ ಕಟ್ಟೆ, ಇಲಿ ಕೊರೆದ ಮೂಲೆ, ಇಂಥವನ್ನು ನೋಡಿಕೊಂಡು ಇದ್ದಾರೆ. ಹೆಂಡತಿ ಸುಂದ್ರವ್ವ ಕಾಕು ಪಕ್ಕದ ಸರಕಾರಿ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುತ್ತಾರೆ. ಮೊಮ್ಮಗಳು ರಾಧಿಕಾ ಅದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸು.

ನಾನು ಓದಿದ್ದೂ ಅಲ್ಲೇ. ಹಾಗೆಂದು ಶಾಲೆಯವರು ಹೊರಗೆ ಹೇಳಿಕೊಳ್ಳುವುದಿಲ್ಲ. ಮುಲುಂಡ್‌ನ ಒಂದು ಲಿಫ್ಟ್ ಕಂಪನಿಯಲ್ಲಿ ಫೋನಿನಲ್ಲಿ ದೂರು ಕೇಳುವುದು ನನ್ನ ಕೆಲಸ. "ನಮ್ಮ ಮನುಷ್ಯ ಹೊರಟಿದ್ದಾನೆ ಸರ್, ದಾರಿಯಲ್ಲಿದ್ದಾನೆ" ಎಂದು ದಿನವಿಡೀ ಹೇಳುತ್ತೇನೆ. ಮನುಷ್ಯ ಹೆಚ್ಚಾಗಿ ನನ್ನ ಎದುರಿಗೇ ಕೂತು ವಡಾಪಾವ್ ತಿನ್ನುತ್ತಿರುತ್ತಾನೆ. ಆದರೂ ನಮ್ಮ ಚಾಳಿನಲ್ಲಿ ಈ ಕಾಶಿನಾಥ 'ಬಿಲ್ಡಿಂಗ್ ಲೈನಿನಲ್ಲಿ' ಇದ್ದಾನೆಂದು ಹೆಸರಾಗಿದೆ. ನಾನೂ ತಿದ್ದಲು ಹೋಗಿಲ್ಲ. ಮದುವೆಯ ವಯಸ್ಸು, ಇರಲಿ ಎಂದು ಬಿಟ್ಟಿದ್ದೇನೆ. ಶಾಲೆಯ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ನಾನೇ ಅಧ್ಯಕ್ಷ. ಚುನಾವಣೆ ನಡೆದಿರಲಿಲ್ಲ. ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಲು ಬರುವವನು ನಾನೊಬ್ಬನೇ ಇದ್ದೆ.

ಶಾಲೆ ಹಳೆಯ ಕಟ್ಟಡ. ಕೆಳಗೆ ಬೇರೆ ಮಾಧ್ಯಮದ ತರಗತಿಗಳು, ಮೇಲಿನ ಮಜಲಿನಲ್ಲಿ ಕನ್ನಡ. ಪ್ರತಿ ವರ್ಷ ಮೇ ರಜೆಯಲ್ಲಿ ಕಾಕಾ ನಮ್ಮ ಕಡೆಯ ಪೇಂಟರುಗಳನ್ನೂ ಗೌಂಡಿಗಳನ್ನೂ ಎಳೆದುಕೊಂಡು ಹೋಗಿ, ಉದುರಿದಲ್ಲಿ ಗಿಲಾವು ಹಾಕಿಸಿ, ಸುಣ್ಣ ಹೊಡೆಸುತ್ತಿದ್ದರು. ಯಾರೂ ಹೇಳಿದ್ದಲ್ಲ, ಕೇಳಿದ್ದಲ್ಲ. ಸ್ವಂತ ಮಕ್ಕಳು ಅಕ್ಷರ ಕಲಿತ ಜಾಗ ಅನ್ನುವುದಷ್ಟೇ ಕಾರಣ. ದೊಡ್ಡ ದೊಡ್ಡ ಟವರುಗಳ ಕೆಲಸ ಮಾಡಿದವರು, ಅವುಗಳ ಸುದ್ದಿ ಎತ್ತುವುದಿಲ್ಲ. ಶಾಲೆಯ ಮೆಟ್ಟಿಲ ಪಕ್ಕದ ಗೋಡೆಯನ್ನು ಮಾತ್ರ ಬಂದವರಿಗೆಲ್ಲ ಮುಟ್ಟಿಸಿ ತೋರಿಸುತ್ತಾರೆ. ನನಗೂ ಮುಟ್ಟಿಸಿದ್ದಾರೆ. "ಹ್ಯಾಂಗೈತಿ?" "ಥಂಡಗ ಐತಿ ಕಾಕಾ." "ಥಂಡಗ ಇರಾಕ ಅದೇನು ಕುಲ್ಫಿ ಏನಲೇ?"

ಕಳೆದ ದೀಪಾವಳಿ ಮುಗಿದ ಮೇಲೆ ಒಂದು ಸುದ್ದಿ ಬಂತು. ಹಳೆಯ ಸರಕಾರಿ ಶಾಲೆಗಳ ದೊಡ್ಡ ದುರಸ್ತಿಗೆಂದೇ ಸರಕಾರ ಪ್ರತ್ಯೇಕ ಹಣ ತೆಗೆದಿಟ್ಟಿದೆಯಂತೆ. ಅಲ್ಲಿಯವರೆಗೆ ಶಾಲೆಗೆ ಬರುತ್ತಿದ್ದುದು ನಲ್ಲಿ, ಚಿಲಕ, ಬಲ್ಬುಗಳಿಗೆ ಸಾಕಾಗುವ ಚಿಲ್ಲರೆ. ಇದು ಹಾಗಲ್ಲ, ಕಂಬ, ಬೀಮು, ಮಾಳಿಗೆ ಎಲ್ಲವನ್ನೂ ಬೇರುಮಟ್ಟದಿಂದ ಸರಿಪಡಿಸುವ ಹಣ. ಇಂಜಿನಿಯರು ಬಂದು ಕಣ್ಣಾರೆ ನೋಡಿ, ಅಗತ್ಯ ಇರುವ ಕಟ್ಟಡಗಳನ್ನು ಆರಿಸುತ್ತಾರೆ. ಆಯ್ಕೆಯಾಗದಿದ್ದರೆ ಮತ್ತೆ ಯಾವಾಗಲೋ.

ಮುಖ್ಯೋಪಾಧ್ಯಾಯಿನಿ ಅನುರಾಧಾ ಟೀಚರ್ ನನ್ನನ್ನು ಕರೆದು ಇದನ್ನು ಹೇಳಿದರು. ಅವರು ಧಾರವಾಡದವರು, ದನಿ ಏರಿಸದೆ ಗದರಿಸುವುದು ಅವರಿಗೆ ಗೊತ್ತು. "ನೋಡು ಕಾಶಿನಾಥ, ಮ್ಯಾಲಿನ ಮಾಳಿಗಿ ಮಳಿಗಾಲದಾಗ ಜಿನುಗತದ. ನಾಳೆ ಯಾರೋ ಬಂದು ಮ್ಯಾಲಿನ ಖೋಲಿ ಬಂದ್ ಮಾಡ್ರಿ ಅಂದ್ರ ಈ ಹುಡುಗರನ್ನ ರೈಲು ಹಳಿಯ ಆ ಕಡೆಯ ಸಾಲಿಗೆ ಕಳಸಬೇಕಾಗ್ತದ. ಅಷ್ಟು ದೂರ ಸಣ್ಣ ಮಕ್ಕಳನ್ನ ಯಾರು ಕಳಸ್ತಾರ? ಬಿಡಿಸಿ ಬ್ಯಾರೆ ಕಡೆ ಹಾಕ್ತಾರ. ಕನ್ನಡ ಕ್ಲಾಸು ಅಲ್ಲಿಗೇ ಮುಗೀತು. ಈ ಹಣ ನಮಗ ಬರಲೇಬೇಕು."

"ಬರ್ತದ ಟೀಚರ್. ನಾನಿದ್ದೇನಲ್ಲ" ಅಂದೆ. ನಾನು ಇರುವುದರಿಂದ ಇದುವರೆಗೆ ಯಾವುದೂ ಬಂದ ದಾಖಲೆ ಇಲ್ಲ.

ಆ ದಿನವೇ ಲೋಕಲ್‌ನಲ್ಲಿ ನಿಂತುಕೊಂಡೇ ಗುಂಪಿಗೆ ಸಂದೇಶ ಹಾಕಿದೆ: 'ಬರುವ ವಾರ ಸರಕಾರದ ಇಂಜಿನಿಯರ್ ನಮ್ಮ ಶಾಲೆ ನೋಡಲು ಬರುತ್ತಿದ್ದಾರೆ. ಶಾಲೆ ನಮ್ಮ ಮಾನ. ಎಲ್ಲರೂ ಕೈಜೋಡಿಸಿ.' ಕೊನೆಗೆ ಮುಗಿದ ಕೈಗಳ ಚಿತ್ರ. ಕಾಕಾಗೆ ವಾಟ್ಸಾಪ್ ಇಲ್ಲವಾದ್ದರಿಂದ ಅವರ ಖೋಲಿಗೇ ಹೋಗಿ ಹೇಳಿದೆ.

ಕಾಕಾ ಉಣ್ಣುತ್ತಿದ್ದವರು ರೊಟ್ಟಿ ಕೆಳಗಿಟ್ಟರು. "ಸಾಹೇಬ್ರು ಬರಾಕತ್ತಾರ? ಸಾಲಿಗೆ? ಹಂಗಾರ ಸುಣ್ಣ ಆಗಬೇಕಲ್ಲೋ!"

ಅಲ್ಲಿ ನಿಂತಿದ್ದ ಯಾರಿಗೂ, ಬಿಲ್ಡಿಂಗ್ ಲೈನಿನ ನನಗೂ, ಆ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಯಾರಾದರೂ ಬರುತ್ತಾರೆಂದರೆ ಅಂಗಳ ಸಾರಿಸಬೇಕು, ಗೋಡೆಗೆ ಸುಣ್ಣ ಕಾಣಿಸಬೇಕು, ಒಡೆದ ಕಪ್ಪು ಹಿಂದೆ ಸರಿಸಿ ನೆಟ್ಟಗಿರುವ ಕಪ್ಪಿನಲ್ಲಿ ಚಹಾ ಕೊಡಬೇಕು. ತಲೆತಲಾಂತರದಿಂದ ನಮಗೆ ಬಂದಿರುವ ಬುದ್ಧಿ ಇದು. ಮನೆ ಎಷ್ಟು ಕೆಟ್ಟಿದೆ ಎಂದು ನೋಡಲಿಕ್ಕೇ ಬರುವ ಅತಿಥಿಯೊಬ್ಬ ಇರಬಹುದು ಎಂಬುದು ಆ ಬುದ್ಧಿಯ ಪಠ್ಯದಲ್ಲಿ ಇರಲಿಲ್ಲ.

ಆ ವಾರ ಶಾಲೆ ಮದುವೆ ಮನೆಯಾಯಿತು. ಕೂಲಿ ಮುಗಿಸಿ ಬಂದವರು ಕತ್ತಲಾಗುವವರೆಗೆ ಮೇಲಿನ ಮಜಲಿನಲ್ಲಿ ಕೆಲಸ ಮಾಡಿದರು. ಉಬ್ಬಿದ್ದನ್ನು ಕೆರೆದರು, ಕೆರೆದದ್ದನ್ನು ತುಂಬಿದರು. ಒದ್ದೆ ಕಲೆಗಳ ಮೇಲೆ ಕೈ ಮೇಲೆ ಕೈ ಸುಣ್ಣ. ಕಾಕಾ ನಾಲ್ಕನೇ ಕ್ಲಾಸಿನ ಖೋಲಿಗೆ ಮಾತ್ರ ಯಾರನ್ನೂ ಬಿಡಲಿಲ್ಲ. ಬಾಗಿಲು ಮುಂದಕ್ಕೆ ಮಾಡಿಕೊಂಡು ಒಬ್ಬರೇ ಮಾಡಿದರು. ನಾನೂ ಒಂದು ಕಿಟಕಿಗೆ ಬಣ್ಣ ಹೊಡೆದೆ. ಆ ಕಿಟಕಿ ಈಗಲೂ ತೆರೆಯುವುದಿಲ್ಲ.

ಬಂದ ಇಂಜಿನಿಯರು ಒಬ್ಬ ಹೆಣ್ಣುಮಗಳು. ತಾಂಡೇಲ್ ಮ್ಯಾಡಮ್. ಹೆಚ್ಚು ಕಡಿಮೆ ನನ್ನದೇ ವಯಸ್ಸು, ಅದನ್ನು ಗಮನಿಸಿದ ಮೇಲೆ ನಾನು ಎರಡು ಸಲ ತಲೆ ಬಾಚಿಕೊಂಡೆ. ಬಾಗಿಲಲ್ಲಿ ರಂಗೋಲಿ ತುಳಿಯದೆ ದಾಟಲು ಅವರು ಪಕ್ಕಕ್ಕೆ ಕಾಲಿಟ್ಟು ಹೋದರು. ಅನುರಾಧಾ ಟೀಚರ್ ಹೂ ಕೊಟ್ಟರು, ಮಕ್ಕಳು ಹಾಡು ಹೇಳಿದರು, ಸುಂದ್ರವ್ವ ಕಾಕು ಶಿರಾ ಕೊಟ್ಟರು. ಮ್ಯಾಡಮ್ ಜೊತೆಗೆ ಬಂದಿದ್ದ ಸಹಾಯಕ ಶಿರಾ ಎರಡು ಸಲ ತಿಂದ. ಮ್ಯಾಡಮ್ ಮೇಲೆ ಹೋಗಿ, ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು ಕೇಳಿ, ಫೋಟೋ ತೆಗೆದು, ಇಳಿದು ಬರುವಾಗ ಮೆಟ್ಟಿಲ ಪಕ್ಕದ ಗೋಡೆ ಮುಟ್ಟಿ ನೋಡಿದರು. "ಖೂಪ್ ಛಾನ್ ಠೇವಲಿ ಆಹೆ ಶಾಳಾ" ಅಂದರು. ಶಾಲೆಯನ್ನು ಬಹಳ ಚೆನ್ನಾಗಿ ಇಟ್ಟಿದ್ದೀರಿ.

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕಾಕಾ ಕಣ್ಣು ಒರೆಸಿಕೊಂಡು, ಸುಣ್ಣ ಹಾರಿ ಬಿತ್ತು ಅಂದರು.

ಹದಿನೈದು ದಿನ ಕಳೆದಿರಬೇಕು, ಟೀಚರ್ ಫೋನು ಮಾಡಿದರು. ಶನಿವಾರ ಅರ್ಧ ದಿನ. ನಾನು ಹೋದಾಗ ಊಟದ ಪಾತ್ರೆ ಇಟ್ಟ ಮೇಜಿನ ಹತ್ತಿರ ಕಾಕಾ, ಕಾಕು ಇಬ್ಬರೂ ಇದ್ದರು. ಮ್ಯಾಡಮ್ ಬರೆದ ವರದಿಯ ಪ್ರತಿ ಬಂದಿತ್ತು. ಮರಾಠಿಯಲ್ಲಿದ್ದುದನ್ನು ಟೀಚರ್ ಒಂದೇ ಸಾಲಿನಲ್ಲಿ ಹೇಳಿದರು: "ಕಟ್ಟಡ ಸುಸ್ಥಿತಿಯೊಳಗದ, ದೊಡ್ಡ ದುರಸ್ತಿ ಬೇಕಾಗಿಲ್ಲ ಅಂತ ಬರದಾರ."

ಕಾಕಾ ಮುಖ ಅರಳಿಸಿದರು. "ನೋಡಿದೇನಲೇ ಕಾಶ್ಯಾ! ಸರಕಾರನ ಬರದು ಕೊಟ್ಟೈತಿ, ಸಾಲಿ ಚೊಲೊ ಐತಿ ಅಂತ."

"ಕಾಕಾ," ಟೀಚರ್ ನಿಧಾನವಾಗಿ ಅಂದರು, "ಚೊಲೊ ಅದ ಅಂದ್ರ ರೊಕ್ಕ ಇಲ್ಲ. ಕೆಟ್ಟದ ಅಂದಿದ್ರ ಬರ್ತಿತ್ತು."

ಕಾಕಾ ನನ್ನ ಮುಖ ನೋಡಿದರು. ನಾನು ಊಟದ ಪಾತ್ರೆ ನೋಡಿದೆ. ಸುಂದ್ರವ್ವ ಕಾಕು ಬಡಿಸುವ ಸವಟು ಪಾತ್ರೆಗೆ ಠಣ್ಣೆಂದು ಹಾಕಿದರು.

"ಭೇಷ್! ಜಡ್ಡಿನಾಂವಗ ಪೌಡರ್ ಹಚ್ಚಿ, ಹೊಸ ಅಂಗಿ ತೊಡಿಸಿ, ಡಾಕ್ಟರ ಮುಂದ ಕುಂದರಿಸಿದ್ರಿ. ಡಾಕ್ಟರ ಏನಂತಾನ? ಮದಿವಿ ಮಾಡ್ರಿ ಅಂತಾನ! ಇಷ್ಟ ಮಂದಿ ಗಂಡಸರ ಇದ್ರಿ, ಒಬ್ಬರಿಗೂ ತಿಳೀಲಿಲ್ಲೇನ?"

"ಶಿರಾ ಮಾಡಿದಾಕಿ ನೀನಲ್ಲ?" ಅಂದರು ಕಾಕಾ.

"ಶಿರಾ ತಿಂದ್ರ ಬಿರುಕ ಮುಚ್ಚತೈತೇನ್ರಿ?"

ಆ 'ಬಿರುಕು' ಶಬ್ದಕ್ಕೆ ಕಾಕಾ ತಲೆ ಎತ್ತಿ ಮೇಲಿನ ಮಜಲಿನ ಕಡೆ ನೋಡಿದರು. ಮಕ್ಕಳು ಮನೆಗೆ ಹೋದ ಮೇಲೆ, "ಬಾ ಇಲ್ಲೆ" ಎಂದು ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋದರು. ನಾಲ್ಕನೇ ಕ್ಲಾಸಿನ ಖೋಲಿ. ನಾನು ಏನಾದರೂ ಕೇಳುವ ಮೊದಲೇ ಬೆಂಚುಗಳನ್ನು ಒಂದೊಂದಾಗಿ ಎಳೆದು ಬಾಗಿಲ ಕಡೆ ಸರಿಸತೊಡಗಿದರು.

"ಕಾಕಾ, ಏನು ನಡಸೀರಿ?"

"ರಾಧಿಕಾ ಎಲ್ಲಿ ಕುಂದರತಾಳ ಗೊತ್ತೈತಿ? ಇಲ್ಲೆ." ಬೆರಳು ತಲೆಯ ಮೇಲಿನ ಬೀಮಿನ ಕಡೆ ಹೋಯಿತು. "ಇಲ್ಲೆ ಐತಿ."

ನೋಡಿದೆ. ಬೆಳ್ಳಗೆ, ನೆಟ್ಟಗೆ, ಗೆರೆ ಎಳೆದ ಹಾಗೆ ಇತ್ತು ಬೀಮು. "ಏನೂ ಕಾಣ್ಸೂದಿಲ್ಲ ಕಾಕಾ."

"ಕಾಣಬಾರದಂತನ ಮಾಡಿದ್ದು."

ಒಂದು ಬೆಂಚಿನ ಮೇಲೆ ಕೂತು, ಗೋಡೆಯ ಕಡೆ ಮುಖ ಮಾಡಿ ಹೇಳಿದರು. ಆ ಬೀಮಿನಲ್ಲಿ ಬಹಳ ವರ್ಷಗಳ ಹಿಂದೆ ಕೂದಲೆಳೆಯಷ್ಟು ಬಿರುಕು ಕಂಡಿತ್ತಂತೆ. ಅವರೇ ತುಂಬಿದ್ದರು. ಮುಂದಿನ ಮಳೆಗಾಲ ಮುಗಿದ ಮೇಲೆ ಮತ್ತೆ ಅದೇ ಜಾಗದಲ್ಲಿ ಬಂತು. ಮತ್ತೆ ತುಂಬಿದರು. ಮೊದಲು ಉಸುಕು ಸರಿಯಿಲ್ಲ ಅಂದುಕೊಂಡರು. ಆಮೇಲೆ ಸಿಮೆಂಟು ಹಳೆಯದು ಅಂದುಕೊಂಡರು. ಆಮೇಲೆ ಅನ್ನಿಸಿದ್ದನ್ನು ಯಾರಿಗೂ ಹೇಳಲಿಲ್ಲ.

"ಬೀಗರ ಬಂದಂಗ ವರ್ಷಾ ಬರ್ತೈತಿ. ಇನ್ನಷ್ಟ ಅಗಲ ಆಗಿ. ನನ್ನ ಕೈ ಹೋತು ಅಂತ ತಿಳಕೊಂಡ್ನೆಪಾ. ಮಾಲು ಹಿಡೀವಲ್ದು, ಕೈ ಮುದುಕಾಗೈತಿ ಅಂತ. ಯಾರರೆ ನೋಡಿ, ಖಂಡಪ್ಪನ ಗಿಲಾವು ಸೀಳತೈತಿ ಅಂತ ನಾಕಾದಾಗ ಬಾಯಿಗೆ ಬಿತ್ತಂದ್ರ? ಅದಕ್ಕ ಯಾರೂ ನೋಡೂ ಮುಂಚೆ ಮುಚ್ಚತಿದ್ದೆ."

"ಕಾಕುಗೂ ಗೊತ್ತಿಲ್ಲ?"

"ನಲ್ಲಿ ರಿಪೇರಿಗೆ ಹೋಕ್ಕೀನಿ ಅಂತ ಹೇಳಿ ಬರ್ತಿದ್ದೆ. ಆಕಿ ಕಣ್ಣಾಗ ಈ ಸಾಲಿ ನಲ್ಲಿ ಯಾವಾಗೂ ಸೋರತೈತಿ."

ನಗು ಬಂತು, ಮೇಲಿನ ಬೀಮು ನೋಡಿ ಹೋಯಿತು. ಒಳಗೆ ಏನಿದೆ ಕಾಕಾ ಎಂದು ಕೇಳಿದೆ. ಕಬ್ಬಿಣದ ಸಳಿ ಒಂದು ಕಡೆ ಕಂಡಿತ್ತು, ತುಕ್ಕು ಹಿಡಿದಿತ್ತು, ತಿಕ್ಕಿ ಒರೆಸಿ ಸಿಮೆಂಟಿನ ನೀರು ಬಳಿದು ಮುಚ್ಚಿದ್ದೆ, ಅಂದರು. ಅವರ ಲೆಕ್ಕದಲ್ಲಿ ಅದು ಔಷಧ ಹಚ್ಚಿ ಪಟ್ಟಿ ಕಟ್ಟಿದ ಹಾಗೆ.

"ಇದನ್ನ ಆ ಮ್ಯಾಡಮ್‌ಗೆ ತೋರಿಸಬೇಕು ಕಾಕಾ."

"ತೋರಸೂದಂದ್ರ ಒಡೀಬೇಕು."

"ಒಡೀರಿ ಮತ್ತ."

"ನಿಮ್ಮಪ್ಪ ಒಡದಾನು!" ಅಂದವರೇ ಎದ್ದು ಹೋದರು. ಬೆಂಚುಗಳನ್ನು ಮಾತ್ರ ಬಾಗಿಲ ಕಡೆಯೇ ಬಿಟ್ಟರು. ಕೆಳಗೆ ಹೋಗಿ ಟೀಚರ್‌ಗೆ, ನಾಲ್ಕನೇ ಕ್ಲಾಸಿನವರನ್ನು ಸೋಮವಾರದಿಂದ ಕೆಳಗಿನ ವರಾಂಡಾದಲ್ಲಿ ಕೂಡಿಸಿ ಎಂದು ಹೇಳಿ ಹೋಗಿದ್ದರು. ಯಾಕೆ ಎಂದು ಹೇಳಿರಲಿಲ್ಲ. ಟೀಚರ್ ನನ್ನನ್ನು ಕೇಳಿದರು. ಆಚೀಚೆ ನೋಡಿ, ನಾನು ಹೇಳಿಬಿಟ್ಟೆ. ಅವರು ಮೇಲೆ ಹೋಗಿ ಆ ಖೋಲಿಗೆ ಬೀಗ ಹಾಕಿ, ಕೀಲಿಯನ್ನು ತಮ್ಮ ಪರ್ಸಿನಲ್ಲಿಟ್ಟುಕೊಂಡರು.

ಎರಡು ದಿನ ಕಾಕಾ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಬೆಳಿಗ್ಗೆ ನಾನು ಸ್ಟೇಷನ್ನಿಗೆ ಓಡುತ್ತಿದ್ದಾಗ ಚಾಳಿನ ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಗಾಂಧಿ ಟೋಪಿ.

"ಆ ಮ್ಯಾಡಮ್‌ನ ಆಫೀಸ್ ಎಲ್ಲೈತಿ?"

"ಇವತ್ತು ನನಗೆ ಡ್ಯೂಟಿ ಐತಿ ಕಾಕಾ."

"ನಿನ್ನ ಲಿಫ್ಟು ಮ್ಯಾಲ ಹೋಗೂದು, ತಳಗ ಬರೂದು. ಮತ್ತೇನ ಮಾಡ್ತೈತಿ? ನಡಿ."

ಕಂಪನಿಗೆ ಫೋನು ಮಾಡಿದೆ. ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಹೇಳಬಹುದಿತ್ತು. ಆದರೆ ನಮ್ಮ ಕಂಪನಿಗೆ ಕೇಳಲು ಇಷ್ಟವಿಲ್ಲದ ಮಾತು ಅದೊಂದೇ. ಹೊಟ್ಟೆನೋವು ಅಂದೆ. ಟೀಚರ್ ಕೂಡ ಬಂದರು. ದಾರಿಯುದ್ದಕ್ಕೂ ನಾನು ಮರಾಠಿಯಲ್ಲಿ ಒಂದು ಭಾಷಣ ಸಿದ್ಧಮಾಡಿಕೊಂಡೆ. ಹಳೆಯ ವಿದ್ಯಾರ್ಥಿ ಸಂಘದ ಅಧ್ಯಕ್ಷನಾಗಿ, ಸಮಾಜದ ಒಬ್ಬ ಜವಾಬ್ದಾರ ಘಟಕನಾಗಿ, ಇತ್ಯಾದಿ.

ತಾಂಡೇಲ್ ಮ್ಯಾಡಮ್‌ರ ಮೇಜಿನ ಮುಂದೆ ನಿಂತು, "ನಮಸ್ಕಾರ್, ಮೀ ಅಧ್ಯಕ್ಷ" ಎನ್ನುವವರೆಗೆ ಭಾಷಣ ಚೆನ್ನಾಗಿಯೇ ಹೋಯಿತು. ಅಷ್ಟರಲ್ಲಿ ಕಾಕಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಮ್ಯಾಡಮ್, ಮೀ ಲಪವಲಂ" ಅಂದರು. ಅಂದರೆ, ನಾನು ಮುಚ್ಚಿಟ್ಟೆ.

"ಏನನ್ನು?"

ಕಾಕಾ ಹೇಳಿದರು. ಅವರ ಮರಾಠಿ ನಾಕಾದ ಮರಾಠಿ, ನನ್ನ ಭಾಷಣಕ್ಕಿಂತ ಹತ್ತು ಪಾಲು ವಾಸಿ. ಉಸುಕು, ಸಿಮೆಂಟು, ಕೈ, ಬಾಯಿಗೆ ಬೀಳುವ ಭಯ, ಏನನ್ನೂ ಬಿಡಲಿಲ್ಲ. ಮ್ಯಾಡಮ್ ಮಧ್ಯೆ ಬಾಯಿ ಹಾಕದೆ ಕೇಳಿದರು. ಕೊನೆಗೆ ಹುಬ್ಬು ಗಂಟಿಕ್ಕಿ, "ಆ ಬೀಮನ್ನು ನಾನೇ ಬಡಿದು ನೋಡಿದ್ದೆ. ಪೊಳ್ಳು ಸದ್ದು ಬರಲಿಲ್ಲ" ಅಂದರು.

"ಬರಂಗಿಲ್ಲ ಮ್ಯಾಡಮ್," ಅಂದರು ಕಾಕಾ. ಅಂಥ ಹೊತ್ತಿನಲ್ಲೂ ಅವರ ಮೀಸೆಯ ಕೆಳಗೆ ಒಂದು ಸಣ್ಣ ಖುಷಿ ಬಂದು ಹೋದದ್ದನ್ನು ನಾನು ಕಂಡೆ. ಮ್ಯಾಡಮ್ ಕೂಡ ಕಂಡಿರಬೇಕು, ಪೆನ್ನಿನ ತುದಿ ಕಚ್ಚಿಕೊಂಡರು.

ಶಾಲೆಗಳ ಆಯ್ಕೆ ಇನ್ನೂ ಮೇಲಿನ ಕಚೇರಿಗೆ ಹೋಗಿರಲಿಲ್ಲ. ಅದೊಂದು ಪುಣ್ಯ. "ಬಾಯಿಮಾತಿನ ಮೇಲೆ ನಾನು ವರದಿ ತಿದ್ದುವುದಿಲ್ಲ" ಎಂದರು ಅವರು ಟೀಚರ್ ಕಡೆ ತಿರುಗಿ. "ಗುರುವಾರ ಬರುತ್ತೇನೆ. ನನ್ನ ಕಣ್ಣ ಮುಂದೆ ತೆಗೆಯಬೇಕು. ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ, ಆ ಕೋಣೆಗೆ ಯಾರನ್ನೂ ಬಿಡಬೇಡಿ." ಆಮೇಲೆ ಕಾಕಾ ಕಡೆ ತಿರುಗಿ, "ಮತ್ತೆ ಬಾಬಾ, ರಂಗೋಲಿ ನಕೋ" ಅಂದರು.

ಗುರುವಾರ ರಂಗೋಲಿ ಇರಲಿಲ್ಲ. ಹೂ ಇರಲಿಲ್ಲ. ಚಹಾ ಕೊಡದೆ ಇರಲು ಮಾತ್ರ ಅನುರಾಧಾ ಟೀಚರ್‌ಗೆ ಸಾಧ್ಯವಾಗಲಿಲ್ಲ. ಮ್ಯಾಡಮ್‌ರ ಸಹಾಯಕ ಶಿರಾ ಬರುತ್ತದೇನೋ ಎಂದು ಬಾಗಿಲ ಕಡೆ ನೋಡುತ್ತಿದ್ದ. ಕಾಕಾ ಸುತ್ತಿಗೆ, ಚಾಣ ಹಿಡಿದು ಏಣಿ ಏರಿದರು. ಏಣಿ ಹಿಡಿದುಕೊಳ್ಳುವ ಕೆಲಸ ನನಗೆ ಬಂತು.

ಕಾಕಾ ಮೊದಲು ಅಂಗೈಯಿಂದ ಬೀಮನ್ನು ಸವರಿದರು. ಆಮೇಲೆ ಚಾಣ ಇಟ್ಟು ಒಂದು ಪೆಟ್ಟು ಹಾಕಿದರು. ಚಾಣ ಜಾರಿತು. ಸುಣ್ಣದ ಮೇಲೆ ಗೀರು ಬಿತ್ತು, ಅಷ್ಟೇ. ಮತ್ತೊಂದು. ಅದೂ ಜಾರಿತು. ಜೀವಮಾನವಿಡೀ ಕೂಡಿಸುವುದನ್ನೇ ಮಾಡಿದ ಕೈ, ಒಡೆಯುವುದಕ್ಕೆ ಬರಲೊಲ್ಲದು.

"ದ್ಯಾ ಇಕಡೆ, ಮೀ ಕರತೋ" ಇಲ್ಲಿ ಕೊಡಿ, ನಾನು ಮಾಡುತ್ತೇನೆ, ಎಂದು ಸಹಾಯಕ ಸುತ್ತಿಗೆಗೆ ಕೈಚಾಚಿದ.

"ಬ್ಯಾಡ. ನಾ ಹಾಕಿದ್ದು, ನಾನ ತೆಗೀತೀನಿ." ಕನ್ನಡದಲ್ಲೇ ಅಂದರು. ಅವನಿಗೂ ತಿಳಿಯಿತು.

ಸುಂದ್ರವ್ವ ಕಾಕು ಬಾಗಿಲಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದೇ ಹೆಚ್ಚು. "ಹೊಡೀರಿ ಅತ್ಲಾಗ! ಹೋಳಿಗಿ ತಟ್ಟಾಕ ನಿಂತೀರೇನ? ಇಲ್ಲಿ ನಿಮ್ಮ ಮೊಮ್ಮಗಳ ಕುಂದರೂದು!"

ಕಾಕಾ ಹೊಡೆದರು. ಮೂರು ಪೆಟ್ಟಿಗೆ ದೊಡ್ಡದೊಂದು ಹೆಂಟೆ ಕಳಚಿ ಕೆಳಗೆ ಬಿತ್ತು. ನಾನು ಏಣಿ ಬಿಟ್ಟು ಹಿಂದಕ್ಕೆ ಹಾರಿದೆ. ಮತ್ತೆ ನಾಚಿಕೆಯಾಗಿ ಬಂದು ಹಿಡಿದುಕೊಂಡೆ. ಧೂಳು ಇಳಿದ ಮೇಲೆ ನೋಡಿದರೆ, ಬೀಮಿನ ಹೊಟ್ಟೆಯೊಳಗಿನ ಸಳಿ ಕಂದು ಬಣ್ಣಕ್ಕೆ ತಿರುಗಿ, ಸುಟ್ಟ ಹಪ್ಪಳದ ಹಾಗೆ ಪದರು ಪದರಾಗಿ ಎದ್ದಿತ್ತು. ಕಾಕಾ ಇಳಿದರು. ಮ್ಯಾಡಮ್ ಹತ್ತಿದರು. ಬೆರಳಿನಿಂದ ಸಳಿಯನ್ನು ಉಜ್ಜಿದರೆ ಅದು ಅವರ ಕೈಗೇ ಪುಡಿಯಾಗಿ ಬಂತು. ಫೋಟೋ ತೆಗೆದರು. ಅಳತೆ ತೆಗೆದರು.

ಕೆಳಗೆ ಕಾಕಾ ಅಭ್ಯಾಸಬಲದಿಂದ ಬಿದ್ದ ಚೂರುಗಳನ್ನು ಗುಡಿಸಲು ಬಗ್ಗಿದರು. "ಇರಲಿ ಬಾಬಾ, ಅದೂ ಫೋಟೋದಲ್ಲಿ ಬರಲಿ" ಅಂದರು ಮ್ಯಾಡಮ್. ಕಾಕಾ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡರು. ಬೈಗುಳಕ್ಕೆ ಕಾದು ನಿಂತ ಹಾಗಿತ್ತು.

ಮ್ಯಾಡಮ್ ಇಳಿದು ಬಂದು, ಕೈ ಒರೆಸಿಕೊಳ್ಳುತ್ತ, ಮಕ್ಕಳಿಗೆ ಹೇಳುವಷ್ಟು ಸರಳವಾಗಿ ಹೇಳಿದರು. ಮಾಳಿಗೆಯ ನೀರು ಒಳಗೆ ಇಳಿದು ಸಳಿಗೆ ತುಕ್ಕು ಹಿಡಿದಿದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿದ್ದಕ್ಕೆ ಜಾಗ ಬೇಕು, ಸುತ್ತಲಿನದನ್ನು ಹೊರಗೆ ತಳ್ಳುತ್ತದೆ. ಮೇಲೆ ಯಾರು ಎಂಥ ಗಿಲಾವು ಹಾಕಲಿ, ಒಳಗಿನಿಂದ ಒಡೆಯುತ್ತದೆ. ಪ್ರತಿ ವರ್ಷ ಒಡೆಯುತ್ತದೆ.

ಕಾಕಾ ಬೆನ್ನ ಹಿಂದಿನ ಕೈಗಳನ್ನು ಮುಂದೆ ತಂದರು. ಎರಡನ್ನೂ ಅಂಗಾತ ಹಿಡಿದು ನೋಡಿಕೊಂಡರು. "ಮ್ಹಣಜೆ... ಮಾಝಾ ಹಾತ್?" ಅಂದರೆ, ನನ್ನ ಕೈ?

"ಹಾತಾಲಾ ಕಾಯ್ ಝಾಲಂ?" ಮ್ಯಾಡಮ್ ನಕ್ಕರು. ಕೈಗೇನಾಗಿದೆ? "ನಿಮ್ಮ ಕೈ ಅಷ್ಟು ಚೆನ್ನಾಗಿ ಇದ್ದುದಕ್ಕೇ ನಾನು ಮೋಸ ಹೋದದ್ದು." ಆಮೇಲೆ ನಗು ನಿಲ್ಲಿಸಿ, "ಆದರೆ ಬಾಬಾ, ಮೊದಲನೇ ವರ್ಷವೇ ಯಾರಿಗಾದರೂ ಹೇಳಿದ್ದರೆ ಸಳಿ ಇಷ್ಟು ತೆಳ್ಳಗಾಗುತ್ತಿರಲಿಲ್ಲ" ಅಂದರು.

ಕಾಕಾ ತಲೆಯಾಡಿಸಿದರು. ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತರು. ಕಾಕು ಬಂದು ನೀರು ಕೊಟ್ಟರು. "ನಲ್ಲಿ ರಿಪೇರಿ ಆತಿಲ್ಲೋ?" ಎಂದು ಮೆಲ್ಲಗೆ ಕೇಳಿದರು. ಗೊತ್ತಿತ್ತಂತೆ! ಸೋರದ ನಲ್ಲಿಯ ರಿಪೇರಿಗೆ ವರ್ಷ ವರ್ಷ ಕರಣಿ ಹಿಡಿದು ಹೋಗುವವನನ್ನು ಯಾವ ಹೆಂಡತಿ ನಂಬುತ್ತಾಳೆ?

ನೀರು ಕುಡಿದ ಕಾಕಾ ಎದ್ದರು. ಎದ್ದವರು ಬೇರೆ ಮನುಷ್ಯ. "ಬರ್ರಿ ಮ್ಯಾಡಮ್" ಎಂದು ವರಾಂಡಾಕ್ಕೆ ಕರೆದುಕೊಂಡು ಹೋಗಿ, ಕಂಬದ ಬುಡದಲ್ಲಿ ಚಾಣ ಇಟ್ಟು ಒಂದು ಪೆಟ್ಟು ಕೊಟ್ಟರು. "ಇಲ್ಲೊಂದೈತಿ." ಕೈ ಈಗ ಜಾರುತ್ತಿರಲಿಲ್ಲ. ಅಲ್ಲಿಂದ ಕಿಟಕಿಯ ಮೇಲಿನ ಸಜ್ಜಾ. "ಇಲ್ಲೊಂದೈತಿ. ಇದು ಹೋದ ವರ್ಷದ್ದು." ಅಲ್ಲಿಂದ ಮೆಟ್ಟಿಲ ತಿರುವಿನ ಬೀಮು. ಹೊಸ ಮನೆ ಕಟ್ಟಿಸಿದ ಯಜಮಾನ ಬಂದ ನೆಂಟರಿಗೆ ಒಂದೊಂದೇ ಖೋಲಿ ತೋರಿಸುವ ಉಮೇದಿನಲ್ಲಿ ತಾವು ಮುಚ್ಚಿದ್ದನ್ನೆಲ್ಲ ತೋರಿಸುತ್ತ ಹೋದರು. ಮ್ಯಾಡಮ್ ಹಿಂದೆ ಹಿಂದೆ ಫೋಟೋ ತೆಗೆಯುತ್ತ, ಸಹಾಯಕ ಕೆಮ್ಮುತ್ತ, ನಾನು ಏಣಿ ಹೊತ್ತುಕೊಂಡು. ಕೊನೆಗೆ ಮ್ಯಾಡಮ್ಮೇ ಕೈ ಮುಗಿದರು. "ಬಸ್ ಬಾಬಾ, ಬಸ್! ಶಾಳಾ ಪಾಡೂ ನಕಾ!" ಶಾಲೆಯನ್ನೇ ಕೆಡವಬೇಡಿ!

ತಿದ್ದಿದ ವರದಿ ಮೇಲೆ ಹೋಯಿತು. ಒಂದೆರಡು ಪರೀಕ್ಷೆಗೆಂದು ಬೇರೆ ಜನ ಯಂತ್ರ ಹಿಡಿದು ಬಂದು ಹೋದರು. ಅಷ್ಟು ದಿನವೂ ಅನುರಾಧಾ ಟೀಚರ್ ಮೇಲಿನ ಮಜಲಿಗೆ ಬೀಗ ಹಾಕಿ, ಮಕ್ಕಳನ್ನು ಕೆಳಗೆ ವರಾಂಡಾದಲ್ಲಿ, ಹಿಂದಿ ಮಾಧ್ಯಮದವರು ಬಿಟ್ಟುಕೊಟ್ಟ ಒಂದು ಖೋಲಿಯಲ್ಲಿ ಹೇಗೋ ಕೂಡಿಸಿಕೊಂಡು ಪಾಠ ನಡೆಸಿದರು. ಒಂದು ಮಗುವೂ ಶಾಲೆ ಬಿಡಲಿಲ್ಲ. ಹಿಂದಿಯ ಪಾಠ ಗೋಡೆ ದಾಟಿ ಕೇಳಿಸಿ, ರಾಧಿಕಾ ಈಗ ಅಜ್ಜನನ್ನು ಹಿಂದಿಯಲ್ಲಿ ಬೈಯುತ್ತಾಳೆ.

ದೊಡ್ಡ ದುರಸ್ತಿಯ ಹಣ ಮಂಜೂರಾಯಿತೆಂಬ ಸುದ್ದಿ ಫೆಬ್ರವರಿಯಲ್ಲಿ ಬಂತು. ಟೀಚರ್ ಪೇಢೆ ಹಂಚಿದರು. ನಾನು ಗುಂಪಿನಲ್ಲಿ ಸಂದೇಶ ಹಾಕಿದೆ. ಈ ಸಲ ಕಳಿಸುವ ಮೊದಲು ಟೀಚರ್‌ಗೆ ಓದಿ ತೋರಿಸಿದೆ. ಕೆಲಸ ಮಕ್ಕಳ ವಾರ್ಷಿಕ ಪರೀಕ್ಷೆ ಮುಗಿದ ಕೂಡಲೇ ಶುರುವಾಗಿ ಮಳೆಗಾಲದ ಮೊದಲು ಮಾಳಿಗೆ ಮುಗಿಯಬೇಕು ಎಂದು ತಾಂಡೇಲ್ ಮ್ಯಾಡಮ್ ಬರೆದಿದ್ದರು.

ಆ ಸಂಜೆ ನಾನು, ಕಾಕಾ, ಟೀಚರ್ ಮೆಟ್ಟಿಲ ಹತ್ತಿರ ನಿಂತು ಚಹಾ ಕುಡಿಯುತ್ತಿದ್ದೆವು. ಏನೇನು ಮಾಡುತ್ತಾರೆಂದು ಟೀಚರ್ ಹೇಳುತ್ತಿದ್ದರು. ಸಳಿ ಬದಲಿಸುತ್ತಾರೆ, ಕಂಬಕ್ಕೆ ಹೊಸ ಕವಚ ಹಾಕುತ್ತಾರೆ, ಮಾಳಿಗೆ ಪೂರ್ತಿ ಹೊಸದು.

"ಮತ್ತ ಗಿಲಾವು?" ಕಾಕಾ ಕೇಳಿದರು.

"ಅದನ್ನ ಮೊದಲು ತೆಗೀತಾರ ಕಾಕಾ. ಮ್ಯಾಲಿನ ಮಜಲಿಂದು, ಈ ಮೆಟ್ಟಲದ್ದು."

"ಎಲ್ಲಾ?"

"ಎಲ್ಲಾ."

ಕಾಕಾ ಕಪ್ಪಿನಲ್ಲಿ ಉಳಿದಿದ್ದ ಚಹಾ ಮುಗಿಸಿದರು. ಮೆಟ್ಟಿಲ ಪಕ್ಕದ ಗೋಡೆಯ ಕಡೆ ಒಮ್ಮೆ ನೋಡಿದರು. ಮುಟ್ಟಲಿಲ್ಲ.

"ಅಕ್ಕೋರ, ಆ ಕಾಂಟ್ರ್ಯಾಕ್ಟರಗ ಒಂದ ಮಾತ ಹೇಳ್ರಿ" ಅಂದರು. "ಈ ಗೋಡಿ ಸಾವಕಾಶ ಬಡೀರಿ ಅನ್ರಿ. ಇಲ್ಲಿ ಮಾಲು ಭಾರಿ ಹಾಕೀನಿ. ಒಂದ ಪೆಟ್ಟಿಗೆ ಬರಂಗಿಲ್ಲ, ಕೆಲಸದ ಹುಡುಗೂರ ಕೈ ನೋಯ್ತಾವ."